ಮೀನಿನ ತೊಟ್ಟಿಗೆ ಹೊಸ ನೀರು

ಕನ್ನಡ ಪಾಠ ಹೇಳುವ ಅಧ್ಯಾಪಕನೊಬ್ಬನು ನೀರಿನ ರಸಾಯನಶಾಸ್ತ್ರವನ್ನು ಕುರಿತು ಬರೆಯತೊಡಗಿದರೆ ವಾಚಕರು ಹುಬ್ಬೇರಿಸುವುದು ಸಹಜ. ನನಗೂ ಅದರ ಅರಿವುಂಟು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಆ ಶಾಸ್ತ್ರಕ್ಕೂ ನನಗೂ ಆದ ಅಗಲಿಕೆ ಉಭಯತ್ರರಿಗೂ ಹಿತಕರವಾಗಿಯೇ ಇದ್ದಿತು. ವ್ಯಾಕರಣ, ಛಂದಸ್ಸುಗಳ ನೆರಳಿನಲ್ಲಿ ಇಪ್ಪತ್ತು ವರ್ಷಗಳನ್ನು ನೆಮ್ಮದಿಯಾಗಿ ಕಳೆದ ಮೇಲೆ, ಮೂವತ್ತಾರನೆಯ ವಯಸ್ಸಿನಲ್ಲಿ, ಬಿಟ್ಟು ಬಂದಿದ್ದ ಆ ಬಾಗಿಲನ್ನು ನಾನು ಮತ್ತೆ ತಟ್ಟಬೇಕಾಗಿ ಬಂದಿತು. ತಟ್ಟಿಸಿದುವು ಒಂಬತ್ತು ಸತ್ತ ಮೀನುಗಳು.

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಮರಳು ಕಲ್ಲುಗಳ ಪಾಲನ್ನು ಕಳೆದು ಸುಮಾರು 110 ಲೀಟರು ನೀರು ಹಿಡಿಯುತ್ತದೆ. ಮಗಳ ಹುಟ್ಟುಹಬ್ಬಕ್ಕೆಂದು ತಂದದ್ದು. ಅವಳು ಅದನ್ನು ಅಕ್ವೇರಿಯಂ ಎಂದು ಕರೆಯುತ್ತಾಳೆ. ಕನ್ನಡದ ಮೇಷ್ಟರಾದ ಕಾರಣ ನಾನು 'ಮತ್ಸ್ಯಾಲಯ' ಎಂಬ ಮಾತನ್ನು ಮನೆಯಲ್ಲಿ ಚಲಾವಣೆಗೆ ತರಲು ಯತ್ನಿಸಿ, ನನ್ನಾಕೆಯ ನಗೆಗೆ ಗುರಿಯಾಗಿ, ಕೈಬಿಟ್ಟೆ. ನಮ್ಮ ತಂದೆಯವರು ಮಾತ್ರ ಮೊದಲ ದಿನದಿಂದಲೂ ಅದನ್ನು 'ತೊಟ್ಟಿ' ಎಂದೇ ಕರೆದರು. ಹಳ್ಳಿಯವರ ಮಾತು ಎಂದು ನಾವೆಲ್ಲ ಸುಮ್ಮನಿದ್ದೆವು. ಆಮೇಲೆ ಒಂದು ದಿನ ನಿಘಂಟನ್ನು ತಿರುವುತ್ತಿದ್ದಾಗ ನೋಡುತ್ತೇನೆ: ಲ್ಯಾಟಿನ್ ಭಾಷೆಯಲ್ಲಿ 'ಅಕ್ವೇರಿಯಂ' ಎಂದರೆ ದನಕರುಗಳು ನೀರು ಕುಡಿಯುವ ಸ್ಥಳವಂತೆ! ಎಂ.ಎ. ಪದವೀಧರನಿಗೆ ಹೊಳೆಯದ ಅನುವಾದ ಕೋಲಾರದ ಕಡೆಯ ರೈತನೊಬ್ಬನಿಗೆ ತಾನಾಗಿ ಒದಗಿದ್ದಿತು.

ತಂದೆಯವರ ವಿಷಯವನ್ನು ಸ್ವಲ್ಪ ಹೇಳಬೇಕು. 2022ರಲ್ಲಿ ನಮ್ಮ ತಾಯಿ ತೀರಿಕೊಂಡರು. ಊರಿನ ಮನೆಗೆ ಬೀಗ ಹಾಕಿ ತಂದೆಯವರನ್ನು ಬೆಂಗಳೂರಿಗೆ ಕರೆತಂದೆವು. ಮೂರನೆಯ ಅಂತಸ್ತಿನ ಮನೆ. ಕಾಲಿಗೆ ಮಣ್ಣು ತಾಗದು. ಅವರು ದೂರುವವರಲ್ಲ. ದೂರದಿದ್ದುದೇ ನಮಗೆ ಕಷ್ಟವಾಗಿದ್ದಿತು. ಬೆಳಗಾದರೆ ಸ್ನಾನ ಮುಗಿಸಿ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರೆಂದರೆ ಊಟದ ಹೊತ್ತಿಗೆ ಕರೆದಾಗಲೇ ಏಳುವರು. ಅದರಲ್ಲಿ ಇದ್ದುದು ಎಂಟು ರೋಸಿ ಬಾರ್ಬ್ ಮೀನುಗಳು, ಮೈಮೇಲೆ ನೀಲಿಗೆರೆಯ ಆರು ಜೀಬ್ರಾ ಮೀನುಗಳು. ಬಾರ್ಬ್‌ಗಳನ್ನು ಕಂಡು ಅವರು ಮೊದಲ ದಿನವೇ "ಇವು ನಮ್ಮ ಗೆಂಡೆ ಜಾತಿ" ಎಂದರು. ಜಾತಿ ಸರಿಯಾಗಿಯೇ ಇದೆ. ಎರಡೂ ಒಂದೇ ಕುಲದ ನೆಂಟರು. ಪ್ರತಿ ಬೆಳಗ್ಗೆ ಅವನ್ನು ಎಣಿಸುವುದು, ದಿನಕ್ಕೆ ಎರಡು ಬಾರಿ ಚಿಟಿಕೆ ಆಹಾರ ಹಾಕುವುದು, ಈ ಎರಡು ಕೆಲಸಗಳನ್ನು ಅವರು ಯಾರ ಅಪ್ಪಣೆಯೂ ಇಲ್ಲದೆ ವಹಿಸಿಕೊಂಡರು. ಹದಿನಾಲ್ಕು ಎಂದು ಎಣಿಕೆ ಸರಿಹೋದ ಮೇಲೆಯೇ ಕಾಫಿ.

ತೊಟ್ಟಿಯಲ್ಲಿ ಗಿಡಗಳೂ ಇದ್ದುವು. ಪ್ಲಾಸ್ಟಿಕ್ಕಿನವಲ್ಲ, ಜೀವಂತ ಗಿಡಗಳು. ಕಲ್ಲಿಗೆ ದಾರದಿಂದ ಕಟ್ಟಿದ ಜಾವಾ ಫರ್ನ್, ಕೆರೆಗಳಲ್ಲಿ ತಾನಾಗಿ ಬೆಳೆಯುವ ಹೈಡ್ರಿಲ, ಹಿಂಬದಿಯಲ್ಲಿ ಹಸಿರು ರಿಬ್ಬನ್ನಿನಂತೆ ಆಳೆತ್ತರ ತೂಗುವ ವ್ಯಾಲಿಸ್ನೇರಿಯ. ಈ ವ್ಯಾಲಿಸ್ನೇರಿಯದ ದಾಂಪತ್ಯ ಯಾವ ಶೃಂಗಾರ ಕಾವ್ಯಕ್ಕೂ ಕಡಿಮೆಯದಲ್ಲ. ಹೆಣ್ಣು ಹೂವು ಸುರುಳಿ ಸುರುಳಿಯಾದ ನೀಳ ತೊಟ್ಟಿನ ತುದಿಯಲ್ಲಿ ನೀರಿನ ಮೇಲ್ಮೈಗೆ ಬಂದು ಕಾಯುತ್ತದೆ. ಗಂಡು ಹೂವುಗಳು ತಳದಲ್ಲಿ ತೊಟ್ಟು ಕಳಚಿಕೊಂಡು ಮೇಲಕ್ಕೆ ತೇಲಿ, ಅಲೆದಾಡಿ ಅದನ್ನು ಸೇರುತ್ತವೆ. ಸೇರಿದ ಮೇಲೆ ಹೆಣ್ಣು ಹೂವಿನ ತೊಟ್ಟು ಮತ್ತೆ ಸುರುಳಿಗೊಂಡು ಅದನ್ನು ನೀರಿನೊಳಕ್ಕೆ ಎಳೆದುಕೊಳ್ಳುತ್ತದೆ. ತರಗತಿಯಲ್ಲಿ ಇದನ್ನು ಹೇಳಿ ಹುಡುಗರ ಗಮನವನ್ನು ಸೆಳೆದದ್ದುಂಟು. ಅದಿರಲಿ.

2024ರ ಬೇಸಗೆ ಬೆಂಗಳೂರಿನವರಿಗೆ ಮರೆಯುವಂಥದಲ್ಲ. ನಗರದಲ್ಲಿ ಸರ್ಕಾರದ ಲೆಕ್ಕಕ್ಕೆ ಸೇರಿದ ಸುಮಾರು 14 ಸಾವಿರ ಕೊಳವೆ ಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದುವೆಂದು ಪತ್ರಿಕೆಗಳಲ್ಲಿ ಬಂದಿತು. ನಮ್ಮ ಬಡಾವಣೆ ನಗರದ ಅಂಚಿನದು. ಕಾವೇರಿಯ ಕೊಳಾಯಿ ನಮ್ಮಲ್ಲಿಗೆ ಆಗ ಇನ್ನೂ ಬಂದಿರಲಿಲ್ಲ. ಕಟ್ಟಡದ ಕೊಳವೆ ಬಾವಿ ಫೆಬ್ರವರಿಯಲ್ಲಿ ಮೊದಲು ಕೆಮ್ಮಿತು, ಆಮೇಲೆ ಗಾಳಿ ಉಗುಳಿತು, ಆಮೇಲೆ ಮೌನವಾಯಿತು. ಟ್ಯಾಂಕರಿನ ದಾರಿ ಕಾಯುವುದೇ ನಮ್ಮ ನಿತ್ಯಕರ್ಮವಾಯಿತು. ಮಾರ್ಚಿಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5000 ರೂಪಾಯಿ ದಂಡವೆಂಬ ಆಜ್ಞೆಯೂ ಹೊರಟಿತು. ಮೀನಿನ ತೊಟ್ಟಿಯ ಪ್ರಸ್ತಾಪ ಆ ಆಜ್ಞೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ ನಿಜ. ಆದರೆ ಪಕ್ಕದ ಮನೆಯವರು ಎರಡು ಬಿಂದಿಗೆ ನೀರಿಗಾಗಿ ಮೆಟ್ಟಿಲಿಳಿದು ನಿಂತಿರುವಾಗ ಮೀನುಗಳ ಸ್ನಾನಕ್ಕೆಂದು ಬಕೆಟ್ಟುಗಟ್ಟಲೆ ನೀರು ಸುರಿಯಲು ಯಾರಿಗೆ ಮನಸ್ಸು ಬಂದೀತು? ಅದುವರೆಗೆ ವಾರಕ್ಕೊಮ್ಮೆ ಒಂದು ಬಕೆಟ್ಟು ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕುತ್ತಿದ್ದ ನಾನು ಆ ಪದ್ಧತಿಯನ್ನು ನಿಲ್ಲಿಸಿದೆ. ಆವಿಯಾಗಿ ಇಳಿದಷ್ಟನ್ನು ಮಾತ್ರ ಅಡಿಗೆಮನೆಯ ಶೋಧಕಯಂತ್ರದ ನೀರಿನಿಂದ ತುಂಬುತ್ತ ಬಂದೆ.

ಮಾಡಿದ್ದಕ್ಕೆ ಶಾಸ್ತ್ರಾಧಾರವನ್ನು ಹುಡುಕುವುದು ನಮ್ಮ ವೃತ್ತಿಯ ದೋಷ. ನನಗೂ ಒಂದು ಆಧಾರ ದೊರೆಯಿತು. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದನು. ಅವನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟು, ಮೀನಿಗೆ ಬೇಕಾದ ಪ್ರಾಣವಾಯುವನ್ನು ಗಿಡವೂ ಗಿಡಕ್ಕೆ ಬೇಕಾದುದನ್ನು ಮೀನೂ ಒದಗಿಸುವುದರಿಂದ ನೀರನ್ನು ಬದಲಾಯಿಸದೆಯೇ ಎರಡೂ ಬದುಕಬಲ್ಲುವೆಂದು 1850ರಲ್ಲಿ ವಿದ್ವಾಂಸರ ಮುಂದೆ ಮಂಡಿಸಿದನು. ಇದನ್ನು ಓದಿ ನನಗೆ ಬಲು ಸಮಾಧಾನವಾಯಿತು. ನನ್ನಾಕೆಗೂ ಓದಿ ಹೇಳಿದೆ. ಅದೇ ಬರಹದ ಮುಂದಿನ ಭಾಗವನ್ನು ಮಾತ್ರ ಲಘುವಾಗಿ ದಾಟಿಹೋದೆ. ವ್ಯಾಲಿಸ್ನೇರಿಯದ ಹಳೆಯ ಎಲೆಗಳು ಕೊಳೆತು ಅವನ ನೀರು ಕದಡಿತು. ಆ ಕೊಳೆತ ಎಲೆಗಳನ್ನು ತಿನ್ನಲೆಂದು ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಡಬೇಕಾಯಿತು. ಅವನ ಪಾತ್ರೆಯಲ್ಲಿದ್ದುದು ಎರಡೇ ಮೀನು ಎಂಬುದನ್ನೂ ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಏಪ್ರಿಲ್ ಕಳೆಯುವ ಹೊತ್ತಿಗೆ ನಮ್ಮ ವ್ಯಾಲಿಸ್ನೇರಿಯದ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕರಗತೊಡಗಿದುವು. ನೀರು ಚಹದ ಬಣ್ಣಕ್ಕೆ ತಿರುಗಿತು. ಮೀನುಗಳು ಮಾತ್ರ ಹದಿನಾಲ್ಕೂ ಇದ್ದುವು. ಆಹಾರ ಹಾಕಿದರೆ ಓಡಿಬರುತ್ತಿದ್ದುವು. ಬೇಸಗೆ ಕಳೆಯಲಿ ಎಂದುಕೊಂಡೆವು.

ಅದೇ ಕಾಲದಲ್ಲಿ ತಂದೆಯವರ ಎರಡೂ ಕಣ್ಣುಗಳಿಗೆ ಪೊರೆ ಬಂದಿದೆಯೆಂದು ವೈದ್ಯರು ಹೇಳಿದರು. ಬಲಗಣ್ಣಿನದು ಬಲಿತಿತ್ತು. ಜೂನ್ 8ರ ಶನಿವಾರ ಶಸ್ತ್ರಚಿಕಿತ್ಸೆ ಎಂದು ಗೊತ್ತಾಯಿತು. ಆಸ್ಪತ್ರೆ ನನ್ನ ಅಕ್ಕನ ಮನೆಗೆ ಹತ್ತಿರ; ಎರಡು ರಾತ್ರಿ ಅಲ್ಲಿಯೇ ಇದ್ದು ಸೋಮವಾರ ನಮ್ಮ ಮನೆಗೆ ಬರುವುದೆಂದು ಏರ್ಪಾಡು. ಅಷ್ಟರಲ್ಲಿ ಮಳೆ ಬಂದಿತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರು ಮಳೆ ಸುರಿದು ಬೆಂಗಳೂರಿನ ಜೂನ್ ತಿಂಗಳ ಹಳೆಯ ದಾಖಲೆಯನ್ನೆಲ್ಲ ಮುರಿಯಿತು. ನಮ್ಮ ಕೊಳವೆ ಬಾವಿಯೂ ಉಸಿರು ಪಡೆಯಿತು. ನಲ್ಲಿಯಲ್ಲಿ ನೀರು ಬರುವ ಸದ್ದನ್ನು ಕೇಳಿ ಮೂರನೆಯ ಅಂತಸ್ತಿನಿಂದ ನೆಲದವರೆಗೆ ಎಲ್ಲರ ಮುಖದಲ್ಲೂ ಮದುವೆಮನೆಯ ಕಳೆ.

ನನಗೊಂದು ಆಸೆ ಹುಟ್ಟಿತು. ಹೊಸ ಕಣ್ಣು ಪಡೆದು ಬರುವ ಅಪ್ಪನಿಗೆ ಮೊದಲು ಕಾಣುವುದು ಆ ಚಹದ ಬಣ್ಣದ ನೀರೇ? ಭಾನುವಾರ ಬೆಳಗ್ಗೆ ಪಂಚೆ ಮೇಲಕ್ಕೆ ಕಟ್ಟಿದೆ. ನಮ್ಮ ಮೇಲಿನ ಮನೆಯಲ್ಲಿ ಗಣಕಯಂತ್ರದ ಕಚೇರಿಯೊಂದರಲ್ಲಿ ದುಡಿಯುವ ತರುಣನೊಬ್ಬನಿದ್ದಾನೆ. ಅವನದೂ ಗಿಡದ ತೊಟ್ಟಿಯೇ. ಇಂಗಾಲದ ಡೈಆಕ್ಸೈಡಿನ ಸಿಲಿಂಡರು, ಗಂಟೆ ನೋಡಿ ಹೊತ್ತಿ ಆರುವ ದೀಪ, ಎಲ್ಲ ಉಂಟು. ಅವನು ತಪ್ಪದೆ ವಾರಕ್ಕೊಮ್ಮೆ ಅರ್ಧ ನೀರನ್ನು ಬದಲಾಯಿಸುವುದನ್ನು ಕಂಡಿದ್ದೆ. ವಾರಕ್ಕೊಮ್ಮೆ ಅರ್ಧವಾದರೆ, ನಾಲ್ಕು ತಿಂಗಳಿಗೊಮ್ಮೆ ಅರ್ಧಕ್ಕಿಂತ ತುಸು ಹೆಚ್ಚಾದರೂ ಬಾಧಕವಿಲ್ಲವೆಂದು ತರ್ಕಿಸಿದೆ. ನಾಲ್ಕು ಬಕೆಟ್ಟು ಹಳೆಯ ನೀರನ್ನು ಕೊಳವೆಯಿಂದ ಹೊರಗೆಳೆದೆ. ನಾಲ್ಕು ಬಕೆಟ್ಟು ಕೊಳವೆ ಬಾವಿಯ ನೀರನ್ನು ಸುರಿದೆ. ಅರ್ಧ ಗಂಟೆಯ ಕೆಲಸ. ನೀರು ಸ್ಫಟಿಕದಂತಾಯಿತು. ಮಗಳು ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದಾಗ ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಉಸಿರಿಗಾಗಿ ತಡಕಾಡುತ್ತಿದ್ದುವು. ಎರಡು ಬಾರ್ಬ್‌ಗಳು ಬಾಣದಂತೆ ಈ ಗಾಜಿನಿಂದ ಆ ಗಾಜಿಗೆ ಹಾಯ್ದು ತಲೆ ಹೊಡೆದುಕೊಳ್ಳುತ್ತಿದ್ದುವು. ಕಿವಿರುಗಳು ಕೆಂಪೇರಿದ್ದುವು. ಮೂರು ಗಂಟೆಗೆ ಮೊದಲನೆಯದು ಮಗುಚಿತು. ಆರು ಗಂಟೆಗೆ ಏಳು. ಮಗಳನ್ನು ನನ್ನಾಕೆ ಕೆಳಗೆ ಆಟಕ್ಕೆ ಕಳಿಸಿದಳು. "ತಾತನಿಗೆ ಏನು ಹೇಳ್ತೀರಿ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರಿಗೆ ಫೋನು ಮಾಡಿದೆ. ಪುಣ್ಯಾತ್ಮರು, ಭಾನುವಾರದ ಸಂಜೆ ಸ್ಕೂಟರಿನಲ್ಲಿ ಪರೀಕ್ಷೆಯ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಬಂದರು. ಬಂದವರು ತೊಟ್ಟಿಯನ್ನು ನೋಡುವುದಕ್ಕೆ ಮೊದಲು, "ತೆಗೆದ ಹಳೇ ನೀರು ಏನಾದರೂ ಉಳಿದಿದೆಯೇ?" ಎಂದು ಕೇಳಿದರು. ಉಳಿದಿದ್ದಿತು. ಆ ಬೇಸಗೆಯ ಅಭ್ಯಾಸಬಲದಿಂದ ನನ್ನಾಕೆ ನಾಲ್ಕು ಬಕೆಟ್ಟುಗಳನ್ನೂ ತುಳಸಿ ಗಿಡಕ್ಕೆ, ಗುಲಾಬಿ ಕುಂಡಕ್ಕೆ ಎಂದು ಎತ್ತಿಟ್ಟಿದ್ದಳು. ಅದರ ಪಿ.ಎಚ್. ನೋಡಿದರು: 5.6. ಕೊಳವೆ ಬಾವಿಯ ನೀರಿನದು 8.2. ಹಳೆಯ ನೀರಿನ ಅಮೋನಿಯವನ್ನು ನೋಡಿದರು. ನಳಿಕೆಯ ಬಣ್ಣ ಪಟ್ಟಿಯ ಕಟ್ಟಕಡೆಯ ಕಡುಹಸಿರಿಗೆ ಹೋಗಿ ನಿಂತಿತು: ಲೀಟರಿಗೆ 8 ಮಿಲಿಗ್ರಾಮಿಗೆ ಕಡಿಮೆಯಿಲ್ಲ. "ಇಷ್ಟು ಅಮೋನಿಯದಲ್ಲಿ ಇವು ಇಷ್ಟು ದಿನ ಬದುಕಿದ್ದೇ ಹೇಗೆ?" ಎಂದು ನಾನು ಕೇಳಿದೆ. "ಅದೇ ಕಥೆ. ಆ ಕೊಳೆ ನೀರೇ ಅವನ್ನು ಕಾಪಾಡುತ್ತಿತ್ತು" ಎಂದರು.

ಆ ಕಥೆಯನ್ನು ನಾನು ಅರ್ಥಮಾಡಿಕೊಂಡಷ್ಟನ್ನು ಇಲ್ಲಿ ಹೇಳುತ್ತೇನೆ. ಮೀನಿನ ಉಸಿರು, ಮಲ, ಉಳಿದ ಆಹಾರ, ಕೊಳೆತ ಎಲೆ, ಇವೆಲ್ಲದರಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಮರಳಿನಲ್ಲಿ, ಶೋಧಕದಲ್ಲಿ ಮನೆಮಾಡಿಕೊಂಡ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅದರಲ್ಲಿ ಒಂದಷ್ಟನ್ನು ಗಿಡಗಳು ಉಣ್ಣುತ್ತವೆ. ಆದರೆ ಈ ಮಾರ್ಪಾಟಿನಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು. ಜರ್ಮನ್ ಮಾತೊಂದರ ಮೊದಲಕ್ಷರಗಳಿಂದ ಅದನ್ನು ಕೆ.ಎಚ್. ಎಂದು ಗುರುತಿಸುತ್ತಾರೆ. ನಾನು ಅದನ್ನು ನೀರಿನ ತಾಳ್ಮೆ ಎಂದು ಕರೆದುಕೊಂಡಿದ್ದೇನೆ. ಒಂದು ಮಿಲಿಗ್ರಾಮು ಅಮೋನಿಯದ ಸಾರಜನಕವನ್ನು ಜೀರ್ಣಿಸಲು ಏಳು ಮಿಲಿಗ್ರಾಮಿಗೂ ಮಿಗಿಲಾಗಿ ಈ ತಾಳ್ಮೆ ಖರ್ಚಾಗುತ್ತದೆ. ವಾರಕ್ಕೊಂದು ಬಕೆಟ್ಟು ಗಡಸು ನೀರು ಬರುತ್ತಿದ್ದಾಗ ಖರ್ಚಾದದ್ದು ಮತ್ತೆ ತುಂಬುತ್ತಿತ್ತು. ನಾನು ನಾಲ್ಕು ತಿಂಗಳು ತುಂಬಿದ್ದು ಶೋಧಕಯಂತ್ರದ ನೀರು. ಅದರಲ್ಲಿ ಲವಣವೇ ಇಲ್ಲ. ತಾಳ್ಮೆ ಬರಿದಾಯಿತು, ಪಿ.ಎಚ್. ಜಾರಿತು. ಪಿ.ಎಚ್. ಆರಕ್ಕಿಂತ ಕೆಳಗಿಳಿದರೆ ಆ ಬ್ಯಾಕ್ಟೀರಿಯಗಳ ಕೆಲಸವೂ ಕುಂಟುತ್ತದೆ, ಅಮೋನಿಯ ಕೂಡಿಬೀಳುತ್ತದೆ. ಬೈಕಾರ್ಬೊನೇಟಿನಿಂದ ಇಂಗಾಲವನ್ನು ಹೀರಬಲ್ಲ ವ್ಯಾಲಿಸ್ನೇರಿಯದಂಥ ಗಿಡಗಳು ಅದಿಲ್ಲದೆ ಸೊರಗಿ ಕೊಳೆತು, ತಾವೂ ಒಂದಷ್ಟು ಸೇರಿಸಿದುವು.

ಇಲ್ಲಿ ಅಮೋನಿಯದ ಎರಡು ವೇಷಗಳನ್ನು ತಿಳಿಯಬೇಕು. ಆಮ್ಲೀಯ ನೀರಿನಲ್ಲಿ ಅದು ಹೆಚ್ಚು ಕಡಿಮೆ ಪೂರ್ತಿಯಾಗಿ ಅಮೋನಿಯಂ ಅಯಾನಿನ ವೇಷದಲ್ಲಿರುತ್ತದೆ, ಅದು ಸಾಧು. ಪಿ.ಎಚ್. 5.6 ಇದ್ದಾಗ ಹತ್ತು ಸಾವಿರದಲ್ಲಿ ಎರಡೋ ಮೂರೋ ಪಾಲು ಮಾತ್ರ ಕಿವಿರುಗಳನ್ನು ಸುಡುವ ನಿಜವಾದ ಅಮೋನಿಯ. ಪಿ.ಎಚ್. 8ರ ಸುಮಾರಿಗೆ ಏರಿದ ಕ್ಷಣದಲ್ಲಿ, ನಮ್ಮ ತೊಟ್ಟಿಯ ಉಷ್ಣತೆಯಲ್ಲಿ, ನೂರರಲ್ಲಿ ಐದಾರು ಪಾಲು ಆ ವೇಷವನ್ನು ತಳೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಅಮೋನಿಯವನ್ನು ನಾನು ಬಕೆಟ್ಟುಗಳಲ್ಲಿ ಹೊರಗೆ ಸಾಗಿಸಿದ್ದೆ. ಆದರೂ ಉಳಿದುದರೊಳಗಿನ ವಿಷ ಅರ್ಧ ಗಂಟೆಯಲ್ಲಿ ಮೊದಲಿದ್ದುದಕ್ಕಿಂತ ಸುಮಾರು ನೂರು ಪಾಲು ಹೆಚ್ಚಿತು. ಪಿ.ಎಚ್. ಎಂಬ ಅಳತೆಗೋಲನ್ನು 1909ರಲ್ಲಿ ರೂಪಿಸಿದ ಡೆನ್ಮಾರ್ಕಿನ ಸೊರೆನ್‌ಸೆನ್ ಅದನ್ನು ಹತ್ತರ ಮಡಿಯಲ್ಲಿ ಏರುವ ಮೆಟ್ಟಿಲಾಗಿ ಕಟ್ಟಿದನಂತೆ. ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. 5.6ರಿಂದ 8ಕ್ಕೆ ಏರಿದ್ದೆಂದರೆ ಎರಡೂವರೆ ಅಂಕವಷ್ಟೇ ಎಂದು ನಾನು ಲೆಕ್ಕ ಹಾಕಿದ್ದೆ. ಪರೀಕ್ಷೆಯಲ್ಲಿ ಅಂಕ ಕೊಡುವವರ ಲೆಕ್ಕ ಇಲ್ಲಿ ಸಾಗದು.

ಮೇಲಿನ ಮನೆಯ ತರುಣ ವಾರವಾರವೂ ಅರ್ಧ ನೀರು ಬದಲಿಸಿ ಕ್ಷೇಮವಾಗಿರುವುದರ ಗುಟ್ಟೂ ಆಗಲೇ ತಿಳಿದದ್ದು. ಅವನು ತೆಗೆಯುವ ನೀರಿಗೂ ಹಾಕುವ ನೀರಿಗೂ ವ್ಯತ್ಯಾಸ ಅತ್ಯಲ್ಪ. ಬಕೆಟ್ಟುಗಳ ಸಂಖ್ಯೆಯನ್ನು ಕಂಡಿದ್ದ ನಾನು ಆ ವ್ಯತ್ಯಾಸದ ಕಡೆಗೆ ಕಣ್ಣು ಹಾಯಿಸಿರಲಿಲ್ಲ.

ಆ ರಾತ್ರಿ ನಮ್ಮ ಅಧ್ಯಾಪಕರು ಕೊಟ್ಟ ಸಲಹೆ ನನಗೆ ಹುಚ್ಚೆಂದೇ ತೋರಿತು: ಇನ್ನೂ ಅರ್ಧ ನೀರನ್ನು ಬದಲಾಯಿಸಿ ಎಂದರು. ಪಿ.ಎಚ್. ಏರಿ ಆಗಿಹೋಗಿದೆ, ಇನ್ನು ಅಮೋನಿಯವನ್ನು ಹೊರಕ್ಕೆ ಹಾಕುವುದೊಂದೇ ದಾರಿ. ಕೈ ನಡುಗುತ್ತಿದ್ದರೂ ಮತ್ತೆ ಬಕೆಟ್ಟು ಹಿಡಿದೆ. ಗಾಳಿಯ ಯಂತ್ರವನ್ನು ಮೇಲಿನ ಮನೆಯ ತರುಣ ತಂದುಕೊಟ್ಟ. ರಾತ್ರಿ ಹತ್ತಕ್ಕೆ ಇನ್ನೆರಡು ಹೋದುವು. ಬೆಳಗ್ಗೆ ಐದು ಉಳಿದಿದ್ದುವು. ಮೂರು ಬಾರ್ಬ್, ಎರಡು ಜೀಬ್ರಾ. ಅಂಗಡಿಗೆ ಓಡಿ ಒಂಬತ್ತು ಹೊಸ ಮೀನು ತಂದು ಬಿಡೋಣವೇ ಎಂಬ ಯೋಚನೆಯೂ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. "ಇನ್ನೂ ಒಂಬತ್ತು ಕೊಲ್ಲಬೇಕೇ?" ಎಂದಳು ನನ್ನಾಕೆ. ಸುಮ್ಮನಾದೆ.

ಸೋಮವಾರ ಹನ್ನೊಂದು ಗಂಟೆಗೆ ಅಕ್ಕ ತಂದೆಯವರನ್ನು ಕರೆತಂದಳು. ಕಪ್ಪು ಕನ್ನಡಕ, ಕೈಯಲ್ಲಿ ಔಷಧದ ಚೀಲ. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ಲವಲವಿಕೆ. ಮೆಟ್ಟಿಲಿನ ಗೋಡೆಯ ಬಣ್ಣ ಇಷ್ಟು ಬಿಳಿ ಎಂದು ತಿಳಿದೇ ಇರಲಿಲ್ಲವೆಂದು ಹೇಳುತ್ತ ಬಂದರು. ನೇರವಾಗಿ ತೊಟ್ಟಿಯ ಮುಂದೆ ಹೋಗಿ ನಿಂತರು. ನಾವೆಲ್ಲ ಅಡಿಗೆಮನೆಯ ಬಾಗಿಲಲ್ಲಿ ಅಪರಾಧಿಗಳ ಸಾಲಿನಂತೆ ನಿಂತೆವು. ಅವರು ಎಣಿಸಿದರು. ಮತ್ತೆ ಎಣಿಸಿದರು.

"ಐದೇ ಕಾಣ್ತವೆ. ಕಣ್ಣು ಸರಿಯಾಗಿದೆ ಅಂದ್ರಲ್ಲ ಡಾಕ್ಟ್ರು?"

"ಕಣ್ಣು ಸರಿಯಾಗಿದೆ, ಅಪ್ಪ" ಎಂದೆ.

"ಏನ್ ಮಾಡ್ದೆ?"

"ಹೊಸ ನೀರು ಹಾಕ್ದೆ."

"ಎಷ್ಟು?"

"ನಾಲ್ಕು ಬಕೆಟ್ಟು. ಒಂದೇ ಸಲ."

ಅವರು ಕುರ್ಚಿಯಲ್ಲಿ ಕೂತರು. ಬೈಯುವರೆಂದು ಕಾದೆ. ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ನಮ್ಮೂರ ಕೆರೆಯ ಮಾತನ್ನು ತೆಗೆದರು. ತಾಯಿ ಹೋದ ಮೇಲೆ ಅವರು ಅಷ್ಟೊಂದು ಮಾತನಾಡಿದ್ದು ಅದೇ ಮೊದಲು. ಬೇಸಗೆಯಲ್ಲಿ ಕೆರೆ ಇಂಗಿ ನಡುವೆ ಒಂದು ಗುಂಡಿಯಷ್ಟು ನೀರುಳಿದಿರುವಾಗ ಮೊದಲ ದೊಡ್ಡ ಮಳೆಯ ಕೆಂಪು ನೀರು ನುಗ್ಗಿದರೆ ಮೀನುಗಳು ಬಾಯಿಬಿಟ್ಟು ಮೇಲೆ ಬರುತ್ತಿದ್ದುವಂತೆ; ಹುಡುಗರು ಕುಕ್ಕೆ ಹಿಡಿದು ಓಡುತ್ತಿದ್ದರಂತೆ. "ನಾವು ಹಬ್ಬ ಅಂದ್ಕೊಂಡಿದ್ವಿ" ಎಂದರು. ಆಮೇಲೆ ನೀರಗಂಟಿಯ ಮಾತು ಬಂದಿತು. ತೂಬಿನ ಕೀಲಿ ಅವನ ವಶದಲ್ಲಿರುತ್ತಿತ್ತು. ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡುವ ಮೊದಲ ದಿನ ಗೌಡರು, ಶಾನುಭೋಗರು ಯಾರು ಬಂದು ಅವಸರಪಡಿಸಿದರೂ ಅವನು ತೂಬನ್ನು ಪೂರ್ತಿ ಎತ್ತುತ್ತಿರಲಿಲ್ಲ. ಒಣಗಿದ ಕಾಲುವೆ ಮೊದಲು ನೆನೆಯಬೇಕು, ಬಿರುಕು ಮುಚ್ಚಬೇಕು. ಇಲ್ಲದಿದ್ದರೆ ಏರಿ ಕಿತ್ತು ಹೋಗುತ್ತದೆ. ಬೆರಳಿನಷ್ಟು ಬಿಟ್ಟು, ಕಾಲುವೆಯ ಜೊತೆಯಲ್ಲಿಯೇ ನಡೆದು, ಕೊನೆಯ ಗದ್ದೆ ಮುಟ್ಟಿತೆಂದು ಕಂಡ ಮೇಲೆ ಹಿಂದಿರುಗಿ ಇನ್ನೊಂದು ಬೆರಳು ಎತ್ತುವನು.

ನಾನು ಅವರಿಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿದೆ. ಅಷ್ಟೊಂದು ಅಮೋನಿಯ ಎಲ್ಲಿಂದ ಬಂದಿತೆಂದು ನಮ್ಮ ಅಧ್ಯಾಪಕರು ಅಂದೇ ಕೇಳಿದ್ದರು. ಆಹಾರದ ಡಬ್ಬಿಯನ್ನು ತೆಗೆದು ನೋಡಿದರೆ, ಎರಡು ತಿಂಗಳಿಗೆ ಬರಬೇಕಾದುದು ಮೂರು ವಾರದಲ್ಲಿ ಮುಗಿಯುತ್ತ ಬಂದಿದ್ದಿತು. ಹಾಕಿದ ಆಹಾರ ಕಣ್ಣಿಗೆ ಕಾಣದೆ ತಂದೆಯವರು ಚಿಟಿಕೆಯ ಮೇಲೆ ಚಿಟಿಕೆ ಹಾಕುತ್ತಿದ್ದರು. ಉಳಿದುದು ಕಲ್ಲುಗಳ ಸಂದಿನಲ್ಲಿ ಕೊಳೆಯುತ್ತಿತ್ತು. ಇದನ್ನು ಅವರಿಗೆ ಹೇಳುವುದು ಬೇಡವೆಂದು ನನ್ನಾಕೆಯೂ ನಾನೂ ನಿಶ್ಚಯಿಸಿದೆವು. ಈಗ ಅವರ ಕಣ್ಣು ಚೆನ್ನಾಗಿದೆ. ವಾರಪತ್ರಿಕೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಈ ಬರಹ ಅಚ್ಚಾದರೆ ಅವರಿಗೆ ತಿಳಿದೇ ತಿಳಿಯುತ್ತದೆ. ಬರೆಯುವ ಮುಂಚೆ ಇದನ್ನು ಬಹಳ ಯೋಚಿಸಿದೆ. ತಾವು ಮಾತ್ರ ಕಾರಣರೆಂದು ಅವರು ತಿಳಿಯಬಾರದು. ನಾಲ್ಕು ಬಕೆಟ್ಟುಗಳನ್ನು ಹಿಡಿದದ್ದು ನಾನು.

ಈಗ ನಮ್ಮ ಮನೆಯಲ್ಲಿ ನೀರು ಬದಲಾಯಿಸುವುದು ಒಂದು ವ್ರತದಂತೆ. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಉದ್ಘಾಟನೆಯಾಯಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಮೂರು ನೆಲೆಗಳಲ್ಲಿ ಯಂತ್ರಗಳಿಂದ ಮೇಲೆತ್ತಲ್ಪಟ್ಟು ಬರುವ ಆ ನೀರು ಕೆಲವು ವಾರಗಳ ಮೇಲೆ ನಮ್ಮ ಕಟ್ಟಡಕ್ಕೂ ಬಂದಿತು. ಹೀಗೆ ನಮಗೀಗ ಎರಡು ಬಗೆಯ ನೀರು. ಕಾವೇರಿಯದು ಮೆದು, ನಮ್ಮ ನಲ್ಲಿಯಲ್ಲಿ ಅದರ ಕೆ.ಎಚ್. ನಾಲ್ಕರ ಆಸುಪಾಸು. ಕೊಳವೆ ಬಾವಿಯದು ಗಡಸು, ಹನ್ನೊಂದು. ಕಾವೇರಿಗೆ ಬಾವಿಯ ನೀರನ್ನು ಅಳತೆಯಿಂದ ಬೆರೆಸಿ ತೊಟ್ಟಿಯನ್ನು ಆರರಲ್ಲಿ ನಿಲ್ಲಿಸಿದ್ದೇವೆ. ವ್ಯಾಲಿಸ್ನೇರಿಯದ ಬೇರಿನಿಂದ ಹೊಸ ಮರಿಗಳು ಎದ್ದಿವೆ. ಬಾವಿಯ ನೀರನ್ನು ಪಂಪಿನಿಂದ ಬಂದ ಕೂಡಲೆ ಅಳೆದರೆ ಪಿ.ಎಚ್. ಮೋಸಮಾಡುತ್ತದೆ, ನೆಲದಾಳದ ಇಂಗಾಲದ ಡೈಆಕ್ಸೈಡು ಅದರಲ್ಲಿ ಕರಗಿರುತ್ತದೆ, ಒಂದು ರಾತ್ರಿ ತೆರೆದಿಟ್ಟು ಅದು ಹಾರಿಹೋದ ಮೇಲೆಯೇ ನಿಜವಾದ ಅಂಕಿ ತಿಳಿಯುವುದು. ತೊಟ್ಟಿಯ ಪಿ.ಎಚ್. ಕೂಡ ಬೆಳಗ್ಗೆ ಒಂದು, ಸಂಜೆ ಒಂದು; ಹಗಲೆಲ್ಲ ಗಿಡಗಳು ಆ ಅನಿಲವನ್ನು ಹೀರಿ ರಾತ್ರಿ ಮತ್ತೆ ಬಿಡುವುದರಿಂದ ಹಾಗಾಗುವುದು. ಮೊದಮೊದಲು ಇದನ್ನು ಕಂಡು ಗಾಬರಿಯಾಗಿ ಸಹೋದ್ಯೋಗಿಗಳಿಗೆ ಅವೇಳೆಯಲ್ಲಿ ಫೋನು ಮಾಡಿದ್ದೆ.

ಕಾವೇರಿಯ ನೀರಿನೊಡನೆ ಕ್ಲೋರಿನ್ನೂ ಬಂದಿತು. ನಮಗೆ ರೋಗ ಬಾರದಿರಲೆಂದು ಹಾಕುವ ಅದು ಮೀನಿನ ಕಿವಿರಿಗೂ ಶೋಧಕದ ಬ್ಯಾಕ್ಟೀರಿಯಗಳಿಗೂ ಶತ್ರು. ಅಂಗಡಿಯಲ್ಲಿ ಇದಕ್ಕೆ ಸಿಗುವ ಬಿಳಿಯ ಹರಳುಗಳು ಬೇರೇನೂ ಅಲ್ಲ, ಸೋಡಿಯಂ ಥಯೋಸಲ್ಫೇಟು. ಹಿಂದೆ ಛಾಯಾಚಿತ್ರದ ಅಂಗಡಿಗಳ ಕತ್ತಲೆ ಕೋಣೆಯಲ್ಲಿ ಹೈಪೊ ಎಂದು ಕರೆಯುತ್ತಿದ್ದರಲ್ಲ, ಅದೇ. ನಮ್ಮಪ್ಪ ಅಮ್ಮನ ಮದುವೆಯ ಒಂದೇ ಒಂದು ಪಟವೂ ಅದರಲ್ಲಿ ತೊಯ್ದೇ ಮೂಡಿದ್ದಿರಬೇಕು. ಬರಿಯ ಕ್ಲೋರಿನ್ನಾದರೆ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಗಾ­ಳಿಯಾಡಿಸಿದರೂ ಹೋದೀತು. ಕೆಲವು ದೇಶಗಳ ಊರುಗಳಲ್ಲಿ ಹಾಕುವ ಕ್ಲೋರಮೀನು ಹಾಗೆ ಹಾರಿಹೋಗುವುದಲ್ಲ. ಹರಳು ಹಾಕಿ ಮುರಿದರೂ ಹಿಂದೆ ಅಮೋನಿಯವನ್ನು ಬಿಟ್ಟುಹೋಗುತ್ತದಂತೆ.

ಭಾನುವಾರದ ಬೆಳಗ್ಗೆ ಒಂದೇ ಬಕೆಟ್ಟು. ಎತ್ತರದ ಸ್ಟೂಲಿನ ಮೇಲೆ ಅದನ್ನು ಇಟ್ಟು, ಗಾಳಿಯ ಯಂತ್ರದ ಸಣ್ಣ ಕೊಳವೆಗೆ ಒಂದು ಸಡಿಲ ಗಂಟು ಹಾಕಿ ತೊಟ್ಟಿಗೆ ಇಳಿಬಿಡುತ್ತೇವೆ. ಗಂಟನ್ನು ಬಿಗಿಸುವ ಸಡಿಲಿಸುವ ಅಧಿಕಾರ ತಂದೆಯವರದು. ಮೊದಲು ತೊಟ್ಟು ತೊಟ್ಟಾಗಿ, ಅರ್ಧ ಗಂಟೆಯ ಮೇಲೆ ನೂಲಿನಷ್ಟು. ಬಕೆಟ್ಟು ಖಾಲಿಯಾಗಲು ಮೂರು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ಅವರು ಅಲ್ಲಿಂದ ಕದಲುವುದಿಲ್ಲ, ಕಾಫಿಯೂ ಅಲ್ಲಿಗೇ. ಹೊಸ ಮೀನುಗಳು ಬಂದಿವೆ, ಒಂದೇ ಸಲವಲ್ಲ, ತಿಂಗಳಿಗೆ ಎರಡರಂತೆ. ಈಗ ಎಣಿಕೆ ಹನ್ನೊಂದು.

ಕೆ.ಎಚ್. ಅಳೆಯುವುದು ಸುಲಭ. ನಳಿಕೆಯಲ್ಲಿ ಒಂದಿಷ್ಟು ನೀರು ತೆಗೆದುಕೊಂಡು ಸೀಸೆಯ ದ್ರವವನ್ನು ಹನಿಹನಿಯಾಗಿ ಹಾಕಬೇಕು. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಎಷ್ಟನೆಯ ಹನಿಗೆ ಹಳದಿಯಾಗುವುದೋ ಅದೇ ಅದರ ಕೆ.ಎಚ್. ಮೊದಲು ಇದನ್ನು ನಾನೇ ಮಾಡುತ್ತಿದ್ದೆ. ಕಳೆದ ಕಾರ್ತಿಕದಲ್ಲಿ ಒಂದು ಭಾನುವಾರ, ಐದನೆಯ ಹನಿಗೆ "ಹಳದಿ" ಎಂದು ನಾನು ಬರೆದುಕೊಳ್ಳುವಷ್ಟರಲ್ಲಿ ತಂದೆಯವರು ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಎಡಗಣ್ಣಿಗೆ ಆಗ ಇನ್ನೂ ಶಸ್ತ್ರಚಿಕಿತ್ಸೆಯಾಗಿರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು. "ಈ ಕಣ್ಣಿಗೆ ಹಳದೀನೇ" ಎಂದರು. ಆಮೇಲೆ ಎಡಗಣ್ಣನ್ನು ಮುಚ್ಚಿ, ಹೊಸ ಕಣ್ಣಿನಿಂದ ನೋಡಿದರು. ಪೊರೆ ಬಂದ ಕಣ್ಣು ನೀಲಿಯನ್ನು ಅಡಗಿಸಿ ಲೋಕವನ್ನೆಲ್ಲ ಹಳದಿಯಾಗಿ ತೋರಿಸುತ್ತದೆಂದು ವೈದ್ಯರು ಹೇಳಿದ್ದು ನನಗೆ ಆಗ ನೆನಪಾಯಿತು.

"ಇನ್ನೂ ನೀಲಿ ಇದೆ ಕಣೋ. ಅಡೀಲಿ ನೋಡು. ಇನ್ನೊಂದು ಹನಿ ಹಾಕು" ಎಂದರು.

ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿದೆ. ತಳದಲ್ಲಿ ಕೂದಲೆಳೆಯಷ್ಟು ನೀಲಿ ಇದ್ದಿತು. ಆರನೆಯ ಹನಿಯನ್ನು ಹಾಕಿದೆ.